ಬೆಕ್ಕಿನ ಅಲರ್ಜಿ ಹಂದಿಮಾಂಸಕ್ಕೆ ದಾಟುವುದು ಹೇಗೆ? ತಂಟೆಕೋರ ಪ್ರೋಟೀನ್ ಪತ್ತೆ ಹಚ್ಚುವ ಬಗೆ

ಬೆಕ್ಕು ಹತ್ತಿರ ಬಂದರೆ ಸೀನುವವರು ಬಹಳ ಜನ ಇದ್ದಾರೆ. ಅವರಲ್ಲಿ ಕೆಲವರಿಗೆ ಮಾತ್ರ ಹಂದಿಮಾಂಸ ತಿಂದರೂ ಬಾಯಿ ತುರಿಸುತ್ತದೆ, ಮೈಮೇಲೆ ಗಂಧೆ ಏಳುತ್ತದೆ. ಎಲ್ಲಿಯ ಬೆಕ್ಕು, ಎಲ್ಲಿಯ ಹಂದಿ! ಮಾಂಸ ಕೆಟ್ಟಿತ್ತೇನೋ ಎಂದುಕೊಂಡು ಸುಮ್ಮನಾಗುತ್ತಾರೆ. ಬೆಕ್ಕಿನ ಮೇಲೆ ಯಾರಿಗೂ ಅನುಮಾನವೇ ಬರುವುದಿಲ್ಲ.

ಕೊಂಡಿ ಇರುವುದು ಸೀರಮ್ ಆಲ್ಬುಮಿನ್ ಎಂಬ ಪ್ರೋಟೀನಿನಲ್ಲಿ. ಅದು ಬೆಕ್ಕಿನ ರಕ್ತದಲ್ಲೂ ಮೈಯ ಹೊಟ್ಟಿನಲ್ಲೂ ಇದೆ. ಹಂದಿಯ ರಕ್ತದಲ್ಲೂ ಮಾಂಸದಲ್ಲೂ ಇದೆ. ಎರಡರ ಆಕಾರ ಹೆಚ್ಚುಕಮ್ಮಿ ಒಂದೇ. ಬೆಕ್ಕಿನ ಆಲ್ಬುಮಿನ್ ವಿರುದ್ಧ ತಯಾರಾದ ದೇಹ ಹಂದಿಯದನ್ನು ಕಂಡರೂ ಹಾಗೇ ಕೆರಳುತ್ತದೆ.

ಯಾವ ಪದಾರ್ಥ ಆಗುವುದಿಲ್ಲ ಎಂದು ಗೊತ್ತಾದರೆ ಅರ್ಧ ಕೆಲಸ ಆದಂತೆ ಅಷ್ಟೆ. ಅದರೊಳಗಿನ ಯಾವ ಪ್ರೋಟೀನ್ ಎಂದು ಗೊತ್ತಾದರೆ, ಮುಂದೆ ಏನೇನು ಬಿಡಬೇಕು, ಏನನ್ನು ಸುಮ್ಸುಮ್ನೆ ಬಿಟ್ಟಿದ್ದೇವೆ ಎಂಬುದೂ ತಿಳಿಯುತ್ತದೆ. ಈ ಪತ್ತೆ ಕೆಲಸ ಹೇಗೆ ನಡೆಯುತ್ತದೆ ನೋಡೋಣ.

ಮೊದಲು ಕಥೆ, ಆಮೇಲೆ ಟೆಸ್ಟ್

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದೇ. ಇದಕ್ಕೆ ಯಾವ ಯಂತ್ರವೂ ಬೇಡ, ಒಂದು ನೋಟ್‌ಬುಕ್ ಸಾಕು. ಏನು ತಿಂದಿರಿ, ಎಷ್ಟು ತಿಂದಿರಿ, ಹಸಿಯೋ ಬೇಯಿಸಿದ್ದೋ, ಎಷ್ಟು ಹೊತ್ತಿಗೆ ತೊಂದರೆ ಶುರುವಾಯಿತು ಎಂದು ಬರೆದಿಡಿ. ಅದರ ಹಿಂದೆ ಮುಂದೆ ಓಟ, ವ್ಯಾಯಾಮ, ಮದ್ಯ, ನೋವಿನ ಮಾತ್ರೆ ಏನಾದರೂ ಇತ್ತೇ ಎಂಬುದನ್ನೂ ಸೇರಿಸಿ. ಮನೆಯಲ್ಲಿ ಯಾವ ಪ್ರಾಣಿ, ಯಾವ ಹಕ್ಕಿ ಇದೆ ಎನ್ನುವುದನ್ನು ಮರೆಯಬೇಡಿ.

ಈ ಸಣ್ಣ ವಿವರಗಳೇ ಪ್ರೋಟೀನಿನ ಗುರುತು ಹೇಳುತ್ತವೆ. ಹಸಿ ಸೇಬು ಕಚ್ಚಿದರೆ ಬಾಯಿ ತುರಿಸುತ್ತದೆ, ಬೇಯಿಸಿದ ಸೇಬು ತಿಂದರೆ ಏನೂ ಆಗುವುದಿಲ್ಲ ಎನ್ನೋಣ. ಆಗ ಅನುಮಾನ ಹೋಗುವುದು ಬರ್ಚ್ ಮರದ ಪರಾಗದ ಪ್ರೋಟೀನಿಗೆ ನೆಂಟನಾದ, ಬಿಸಿ ತಾಳದ ಪ್ರೋಟೀನಿನ ಕಡೆಗೆ. ಪೀಚ್ ಹಣ್ಣನ್ನು ಬೇಯಿಸಿದರೂ ಮೈಯೆಲ್ಲ ಗಂಧೆ ಏಳುತ್ತದೆಯೇ? ಹಾಗಾದರೆ ಲಿಪಿಡ್ ಟ್ರಾನ್ಸ್‌ಫರ್ ಪ್ರೋಟೀನ್ ಇರಬಹುದು. ಅದು ಬಿಸಿಗೂ ಜಗ್ಗುವುದಿಲ್ಲ, ಹೊಟ್ಟೆಯ ರಸಕ್ಕೂ ಬಗ್ಗುವುದಿಲ್ಲ. ಸಿಪ್ಪೆಯಲ್ಲೇ ಜಾಸ್ತಿ ಇರುತ್ತದೆ. ಗೋಧಿ ತಿಂದು ಕೂತರೆ ಏನೂ ಇಲ್ಲ, ತಿಂದು ಓಡಿದರೆ ಮಾತ್ರ ಕುಸಿದು ಬೀಳುತ್ತಾರೆ ಎಂದರೆ ಒಮೆಗಾ-5 ಗ್ಲಯಾಡಿನ್ ಎಂಬ ಗೋಧಿಯ ಪ್ರೋಟೀನಿನ ಮೇಲೆ ಕಣ್ಣಿಡಬೇಕು. ಹಕ್ಕಿ ಸಾಕಿದವರಿಗೆ ದೊಡ್ಡವರಾದ ಮೇಲೆ ಮೊಟ್ಟೆಯ ಹಳದಿ ಆಗದಂತಾದರೆ ಅಲ್ಲೂ ಆಲ್ಬುಮಿನ್ ಇರಬಹುದು, ಈ ಸಲ ಕೋಳಿಯದು.

ಸಮಯವೂ ಮಾತಾಡುತ್ತದೆ. ಬೆಕ್ಕಿನ ನಂಟಿನ ಹಂದಿಮಾಂಸ ಅಲರ್ಜಿ ಸಾಮಾನ್ಯವಾಗಿ ತಿಂದ ಒಂದು ಗಂಟೆಯೊಳಗೇ ಕಾಣಿಸುತ್ತದೆ. ಅದೇ ಮಾಂಸ ತಿಂದು 3ರಿಂದ 6 ಗಂಟೆ ಆದ ಮೇಲೆ, ನಡುರಾತ್ರಿ ಗಂಧೆ ಎದ್ದರೆ ಅದು ಬೇರೆಯೇ ಕಥೆ. ಅಲ್ಲಿ ತೊಂದರೆ ಕೊಡುವುದು ಪ್ರೋಟೀನೇ ಅಲ್ಲ, ಆಲ್ಫಾ-ಗ್ಯಾಲ್ ಎಂಬ ಸಕ್ಕರೆ. ಉಣ್ಣೆ ಎಂಬ ರಕ್ತ ಹೀರುವ ಹುಳು ಕಚ್ಚಿದವರಲ್ಲಿ ಹುಟ್ಟುವ ಅಲರ್ಜಿ ಇದು. ಕಚ್ಚಿದ್ದು ಉಣ್ಣೆ, ಆಗದೇ ಹೋಗಿದ್ದು ಮಾಂಸ!

ಚರ್ಮವನ್ನು ಕೇಳುವುದು

ಅಲರ್ಜಿಯ ಗುಟ್ಟು ರಕ್ತದಲ್ಲಿದೆ ಎಂದು ತೋರಿಸಿದ್ದು 1921ರ ಒಂದು ಪ್ರಯೋಗ. ಕ್ಯುಸ್ಟ್ನರ್ ಎಂಬ ವೈದ್ಯನಿಗೆ ಮೀನು ಆಗುತ್ತಿರಲಿಲ್ಲ. ಆತನ ಸೀರಮ್ಮನ್ನು, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಯನ್ನು, ಸಹೋದ್ಯೋಗಿ ಪ್ರೌಸ್ನಿಟ್ಸ್ ತನ್ನದೇ ಚರ್ಮಕ್ಕೆ ಚುಚ್ಚಿಕೊಂಡ. ಮರುದಿನ ಅದೇ ಜಾಗಕ್ಕೆ ಮೀನಿನ ಸಾರವನ್ನು ಚುಚ್ಚಿದಾಗ ಅಲ್ಲಿ ಗಂಧೆ ಎದ್ದಿತು. ಆ ಸೀರಮ್ಮಿನಲ್ಲಿದ್ದ ವಸ್ತು ಐಜಿಇ ಎಂಬ ಪ್ರತಿಕಾಯ ಎಂದು ತಿಳಿಯಲು 1960ರ ದಶಕ ಬರಬೇಕಾಯಿತು. ಮುಂದಿನ ಎಲ್ಲ ಹೆಜ್ಜೆಗಳಲ್ಲಿ ಹುಡುಕುವುದು ಒಂದೇ: ಈ ಐಜಿಇ ಹೋಗಿ ಯಾವ ಪ್ರೋಟೀನನ್ನು ಹಿಡಿಯುತ್ತದೆ?

ಸ್ಕಿನ್ ಪ್ರಿಕ್ ಟೆಸ್ಟ್‌ನಲ್ಲಿ ಸಾರದ ಒಂದು ಹನಿ ಇಟ್ಟು ಚರ್ಮವನ್ನು ಸಣ್ಣಗೆ ಚುಚ್ಚುತ್ತಾರೆ. ಸುಮಾರು 15 ನಿಮಿಷದಲ್ಲಿ ಉತ್ತರ ಸಿಗುತ್ತದೆ. ಆದರೆ ಅಪರೂಪದ ಪದಾರ್ಥಗಳಿಗೆ ರೆಡಿಮೇಡ್ ಸಾರ ಸಿಗುವುದಿಲ್ಲ. ಆಗ ಅದೇ ಪದಾರ್ಥವನ್ನೇ ತರಿಸಿ, ಮೊದಲು ಅದಕ್ಕೆ ಸೂಜಿ ಚುಚ್ಚಿ, ಆಮೇಲೆ ಅದೇ ಸೂಜಿಯಿಂದ ಚರ್ಮಕ್ಕೆ ಚುಚ್ಚುತ್ತಾರೆ. ಹಸಿಯದೂ ಬೇಯಿಸಿದ್ದೂ ಎರಡನ್ನೂ ತರುವುದು ಒಳ್ಳೆಯದು. ಆಂಟಿಹಿಸ್ಟಮಿನ್ ಮಾತ್ರೆ ನುಂಗಿದ್ದರೆ ಚರ್ಮ ಸುಳ್ಳು ಹೇಳುತ್ತದೆ, ಹಾಗಾಗಿ ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ವೈದ್ಯರನ್ನೇ ಕೇಳಿ. ರಕ್ತಪರೀಕ್ಷೆಗೆ ಈ ತೊಡಕಿಲ್ಲ. ಚುಚ್ಚಿ ನೋಡುವ ಈ ಟೆಸ್ಟ್‌ಗಳನ್ನು ಮನೆಯಲ್ಲಿ ಮಾಡಲು ಮಾತ್ರ ಹೋಗಬೇಡಿ.

ಟೆಸ್ಟ್ ನೆಗೆಟಿವ್ ಬಂದ ಕೂಡಲೇ ಅಲರ್ಜಿ ಇಲ್ಲ ಎಂದು ತೀರ್ಮಾನಿಸುವುದು ದೊಡ್ಡ ತಪ್ಪು. ಎಳ್ಳು, ಕಡಲೆಕಾಯಿಗಳಲ್ಲಿ ಓಲಿಯೋಸಿನ್ ಎಂಬ ಪ್ರೋಟೀನುಗಳಿವೆ. ಅವು ಎಣ್ಣೆಯ ಹನಿಗಳಿಗೆ ಅಂಟಿಕೊಂಡಿರುತ್ತವೆ. ನೀರಿನಲ್ಲಿ ತೆಗೆದ ಸಾರಕ್ಕೆ ಅವು ಇಳಿಯುವುದೇ ಇಲ್ಲ. ಸಾರದಲ್ಲಿ ಇಲ್ಲದ್ದು ಟೆಸ್ಟ್‌ನಲ್ಲಿ ಹೇಗೆ ಕಾಣಬೇಕು?

ಬಿಡಿ ಬಿಡಿ ಪ್ರೋಟೀನುಗಳ ರಕ್ತಪರೀಕ್ಷೆ

ಮುಂದಿನದು ಕಾಂಪೊನೆಂಟ್ ಟೆಸ್ಟ್. ‘ನಾಯಿ’ ಎಂದು ಒಟ್ಟಾಗಿ ಕೇಳುವ ಬದಲು ನಾಯಿಯ ಒಂದೊಂದೇ ಪ್ರೋಟೀನಿಗೆ ಐಜಿಇ ಇದೆಯೇ ಎಂದು ನೋಡುತ್ತಾರೆ. ಒಂದೇ ಚಿಪ್‌ನಲ್ಲಿ 100ಕ್ಕೂ ಹೆಚ್ಚು ಪ್ರೋಟೀನುಗಳನ್ನು ನೋಡುವ ಪರೀಕ್ಷೆಗಳೂ ಇವೆ. ರಿಪೋರ್ಟ್ ಕೈಗೆ ಬಂದಾಗ ಹೆಸರುಗಳನ್ನು ನೋಡಿ ಗಾಬರಿಯಾಗಬೇಡಿ. ಜೀವಿಯ ವೈಜ್ಞಾನಿಕ ಹೆಸರಿನ ಮೊದಲ ಭಾಗದಿಂದ ಮೂರಕ್ಷರ, ಎರಡನೆಯದರಿಂದ ಒಂದಕ್ಷರ, ಕೊನೆಗೆ ಕ್ರಮಸಂಖ್ಯೆ, ಅಷ್ಟೆ. ಫೆಲಿಸ್ ಡೊಮೆಸ್ಟಿಕಸ್‌ನಿಂದ ಫೆಲ್ ಡಿ 1 ಬಂತು. ಬೆಕ್ಕಿನ ಅಲರ್ಜಿ ಇರುವ ಬಹುತೇಕರಿಗೆ ಆಗದಿರುವುದು ಇದೇ, ಜೊಲ್ಲಿನಲ್ಲೂ ಚರ್ಮದಲ್ಲೂ ಇರುತ್ತದೆ. ಹಂದಿಮಾಂಸಕ್ಕೆ ದಾಟುವ ಆಲ್ಬುಮಿನ್ ಫೆಲ್ ಡಿ 2.

ನಾಯಿಯ ಪಟ್ಟಿಯಲ್ಲಿ ನನಗೆ ತಮಾಷೆ ಅನಿಸುವುದು ಕ್ಯಾನ್ ಎಫ್ 5. ಅದು ಗಂಡು ನಾಯಿಯ ಪ್ರಾಸ್ಟೇಟ್ ಗ್ರಂಥಿಯಲ್ಲಿ ತಯಾರಾಗುತ್ತದೆ. ಅದೊಂದೇ ಪಾಸಿಟಿವ್ ಬಂದವರಲ್ಲಿ ಕೆಲವರು ಹೆಣ್ಣು ನಾಯಿಯ ಜೊತೆ ಆರಾಮಾಗಿ ಇರಬಲ್ಲರು. ‘ನಾಯಿ ಅಲರ್ಜಿ’ ಎಂದಷ್ಟೇ ಬರೆದ ಚೀಟಿಯಿಂದ ಇದು ಎಂದಾದರೂ ಗೊತ್ತಾಗುತ್ತಿತ್ತೇ?

ಪಟ್ಟಿಯಲ್ಲೇ ಇಲ್ಲದ ಪ್ರೋಟೀನ್ ಆದರೆ?

ಆಗ ಸಂಶೋಧನಾ ಲ್ಯಾಬ್‌ನ ಕೆಲಸ ಶುರು. ಆ ವ್ಯಕ್ತಿ ತಿಂದ ಪದಾರ್ಥವನ್ನೋ ಪ್ರಾಣಿಯ ಕೂದಲು, ಹೊಟ್ಟನ್ನೋ ಅರೆದು ಸಾರ ತೆಗೆಯುತ್ತಾರೆ. ಓಲಿಯೋಸಿನ್ ಪಾಠ ನೆನಪಿಟ್ಟುಕೊಂಡು ಎಣ್ಣೆಗೆ ಅಂಟುವ ಪ್ರೋಟೀನುಗಳಿಗೆ ಬೇರೆ ದ್ರಾವಣ ಬಳಸುತ್ತಾರೆ. ಸಾರವನ್ನು ಜೆಲ್ ಮೇಲೆ ವಿದ್ಯುತ್ತಿನಿಂದ ಓಡಿಸಿದರೆ ಸಣ್ಣ ಪ್ರೋಟೀನ್ ಮುಂದೆ, ದೊಡ್ಡದು ಹಿಂದೆ ನಿಂತು ಏಣಿಯಂತೆ ಪಟ್ಟೆಗಳಾಗುತ್ತವೆ. ಲಿಪಿಡ್ ಟ್ರಾನ್ಸ್‌ಫರ್ ಪ್ರೋಟೀನ್ ಸುಮಾರು 9 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಹತ್ತಿರ, ಆಲ್ಬುಮಿನ್ 67ರ ಆಸುಪಾಸಿನಲ್ಲಿ.

ಪಟ್ಟೆಗಳನ್ನು ಒಂದು ತೆಳು ಪೊರೆಗೆ ವರ್ಗಾಯಿಸಿ, ಅದರ ಮೇಲೆ ಆ ವ್ಯಕ್ತಿಯ ಸೀರಮ್ ಹಾಯಿಸುತ್ತಾರೆ. ಐಜಿಇ ತನಗೆ ಬೇಕಾದ ಪಟ್ಟೆಗೆ ಹೋಗಿ ಅಂಟುತ್ತದೆ. ಜೆಲ್‌ನಿಂದ ಆ ಪಟ್ಟೆಯನ್ನು ಕತ್ತರಿಸಿ, ಟ್ರಿಪ್ಸಿನ್ ಕಿಣ್ವದಿಂದ ತುಂಡು ಮಾಡಿ, ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ತುಂಡುಗಳ ತೂಕ ನೋಡುತ್ತಾರೆ. ಆ ತೂಕಗಳನ್ನು ಗೊತ್ತಿರುವ ಪ್ರೋಟೀನುಗಳ ಡೇಟಾಬೇಸ್ ಜೊತೆ ಹೋಲಿಸಿದರೆ ಹೆಸರು ಸಿಗುತ್ತದೆ.

ಇಲ್ಲಿ ಎಡವಿ ಬೀಳುವ ಎರಡು ಗುಂಡಿಗಳಿವೆ. ಗಿಡಗಳ ಪ್ರೋಟೀನುಗಳಿಗೆ ಅಂಟಿರುವ ಸಕ್ಕರೆ ಸರಪಣಿಗಳಿಗೂ ಐಜಿಇ ಅಂಟುತ್ತದೆ. ಅದರಿಂದ ಸಾಮಾನ್ಯವಾಗಿ ತೊಂದರೆ ಏನೂ ಆಗುವುದಿಲ್ಲ, ಆದರೆ ಪೊರೆಯ ತುಂಬ ಪಟ್ಟೆ ಹೊಳೆಯುತ್ತದೆ. ಇನ್ನೊಂದು ಇದರ ಉಲ್ಟಾ: ಜೆಲ್‌ಗೆ ಹಾಕುವಾಗ ಪ್ರೋಟೀನಿನ ಮಡಿಕೆ ಬಿಚ್ಚಿಹೋಗುತ್ತದೆ. ಐಜಿಇ ಗುರುತಿಸುತ್ತಿದ್ದದ್ದು ಆ ಮಡಿಕೆಯನ್ನೇ ಆಗಿದ್ದರೆ ನಿಜವಾದ ತಂಟೆಕೋರ ಕಾಣುವುದೇ ಇಲ್ಲ.

ಬೆಕ್ಕು–ಹಂದಿಯಂಥ ನಂಟನ್ನು ಖಚಿತ ಮಾಡಲು ಇನ್ಹಿಬಿಷನ್ ಪರೀಕ್ಷೆ ಇದೆ. ಸೀರಮ್ಮಿಗೆ ಮೊದಲೇ ಬೆಕ್ಕಿನ ಆಲ್ಬುಮಿನ್ ಸುರಿದು ಐಜಿಇಯ ಕೈ ತುಂಬಿಸುತ್ತಾರೆ. ಆಮೇಲೆ ಅದು ಹಂದಿಯದನ್ನು ಹಿಡಿಯದೇ ಹೋದರೆ ಎರಡನ್ನೂ ಹಿಡಿಯುತ್ತಿದ್ದದ್ದು ಒಂದೇ ಐಜಿಇ ಎಂದಾಯಿತು.

ಇಷ್ಟಾದರೂ ಐಜಿಇ ಅಂಟಿತು ಎಂದ ಮಾತ್ರಕ್ಕೆ ಕಾಯಿಲೆ ಎಂದರ್ಥವಲ್ಲ. ಪಾಸಿಟಿವ್ ಇದ್ದೂ ಹಾಯಾಗಿ ತಿನ್ನುವವರು ಬೇಕಾದಷ್ಟು ಜನ. ರಕ್ತದ ಬೇಸೋಫಿಲ್ ಕಣಗಳಿಗೆ ಆ ಪ್ರೋಟೀನ್ ತೋರಿಸಿ ಅವು ಕೆರಳುತ್ತವೆಯೇ ಎಂದು ನೋಡಬಹುದು. ಕೊನೆಯ ಮಾತು ಫುಡ್ ಚಾಲೆಂಜ್‌ನದು. ಆಸ್ಪತ್ರೆಯಲ್ಲಿ, ಅಲರ್ಜಿ ಜೋರಾದರೆ ಕೊಡುವ ಅಡ್ರಿನಲಿನ್ ಔಷಧವನ್ನು ಕೈಗೆ ಸಿಗುವಂತೆ ಇಟ್ಟುಕೊಂಡು, ಚೂರು ಚೂರೇ ತಿನ್ನಿಸಿ ಕಾಯುತ್ತಾರೆ.

ಹೊಸ ಪ್ರೋಟೀನ್ ಸಿಕ್ಕಿತು ಎನ್ನಿ. ವಿಶ್ವ ಆರೋಗ್ಯ ಸಂಸ್ಥೆಯ ಜೊತೆಗೂಡಿ ಕೆಲಸ ಮಾಡುವ ನಾಮಕರಣ ಸಮಿತಿಗೆ ಅದರ ವಿವರ ಕಳಿಸಬೇಕು. ಒಬ್ಬರ ರಕ್ತ ನೋಡಿ ಅವರು ಹೆಸರು ಕೊಡುವುದಿಲ್ಲ. ಮನೆಗೆ ಬರುವ ಸಲಹೆ ಮಾತ್ರ ಬಹಳ ಸರಳವಾಗಿರುತ್ತದೆ. ಆಲ್ಬುಮಿನ್ ಬಿಸಿಗೆ ಕೆಡುವ ಪ್ರೋಟೀನ್. ಹಾಗಾಗಿ ಬೆಕ್ಕಿನ ನಂಟಿನವರಿಗೆ ಅರೆಬೆಂದ ಅಥವಾ ಒಣಗಿಸಿದ ಹಂದಿಮಾಂಸವೇ ಜಾಸ್ತಿ ಕಾಟ ಕೊಡುವುದು. ಚೆನ್ನಾಗಿ ಬೆಂದದ್ದನ್ನು ಕೆಲವರು ತಾಳಿಕೊಳ್ಳುತ್ತಾರೆ. ನೀವು ಆ ಕೆಲವರಲ್ಲಿ ಒಬ್ಬರೇ ಎಂದು ನೋಡುವ ಜಾಗ ಆಸ್ಪತ್ರೆ, ಅಡುಗೆಮನೆ ಅಲ್ಲ.