ಬೆನ್ನುಮೂಳೆ ಬಾಗಿದ್ದರೆ ನಡಿಗೆಯಲ್ಲಿ ಏನೇನು ನೋಡಬೇಕು

ಎಕ್ಸ್‌ರೇಯಲ್ಲಿ ಬೆನ್ನುಮೂಳೆಯ ಪಕ್ಕಬಾಗು 10 ಡಿಗ್ರಿ ಮುಟ್ಟಿದರೆ ಅದು ಸ್ಕೋಲಿಯೋಸಿಸ್. ಬಾಗು ಸಣ್ಣದಿದ್ದರೆ ನಡಿಗೆಯಲ್ಲಿ ಬರಿಗಣ್ಣಿಗೆ ಏನೂ ಕಾಣದಿರಬಹುದು, ಆದ್ದರಿಂದ ಸ್ಲೋ ಮೋಷನ್ ವಿಡಿಯೊ ತೆಗೆಯಿರಿ.

ಮೊಬೈಲನ್ನು ಸೊಂಟದ ಎತ್ತರಕ್ಕೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ. ಅದು ತುಸು ವಾಲಿದರೂ ಭುಜವೇ ಇಳಿದಂತೆ ಕಾಣುತ್ತದೆ. ನೋಡುವವರು ಮೋಸಹೋಗುವುದು ಇಲ್ಲೇ. ಹಿನ್ನೆಲೆಯ ಬಾಗಿಲ ಚೌಕಟ್ಟು ಪರದೆಯಲ್ಲಿ ನೆಟ್ಟಗಿದೆಯೇ ಎಂದು ಮೊದಲು ನೋಡಿಕೊಳ್ಳಿ. ಕತ್ತಿನ ಬುಡದಲ್ಲಿ ಉಬ್ಬಿದ ಮೂಳೆಯ ಮೇಲೊಂದು, ಸೊಂಟದ ಹಿಂದಿನ ಎರಡು ಗುಳಿಗಳ ಮೇಲೆ ಒಂದೊಂದು ಸ್ಟಿಕರ್ ಅಂಟಿಸಿ. ಬರಿಗಾಲಲ್ಲಿ 6ರಿಂದ 8 ಮೀಟರ್ ನಡೆಸಿ, ಹಿಂದಿನಿಂದಲೂ ಎರಡೂ ಪಕ್ಕದಿಂದಲೂ ಚಿತ್ರಿಸಿ. ಶುರುವಿನ ಮತ್ತು ಕೊನೆಯ ಎರಡೆರಡು ಹೆಜ್ಜೆ ಲೆಕ್ಕಕ್ಕಿಲ್ಲ. ಮೊದಲ ಸುತ್ತನ್ನೂ ಕೈಬಿಡಿ: ಯಾರೋ ನೋಡುತ್ತಿದ್ದಾರೆಂದರೆ ಎಲ್ಲರೂ ಸೆಟೆದು ನಡೆಯುತ್ತಾರೆ.

ಹಿಂದಿನಿಂದ ನೋಡುವಾಗ ಕತ್ತಿನ ಸ್ಟಿಕರ್ ಎರಡು ಗುಳಿಗಳ ನಡುವಿಗೆ ನೇರವಾಗಿರದೆ ಸದಾ ಒಂದೇ ಕಡೆ ಉಳಿದರೆ ಮುಂಡ ಪಕ್ಕಕ್ಕೆ ಸರಿದಿದೆ ಎಂದರ್ಥ. ಒಂದು ಕೈ ಕಡಿಮೆ ಬೀಸುವುದು, ಸೊಂಟ ಬಿಗಿಯಾಗಿರುವುದು ಇದರ ಜೊತೆಗಾರರು. ಸೊಂಟದ ಸ್ನಾಯುಗಳು ಹೆಜ್ಜೆ ಹೆಜ್ಜೆಗೂ ಹೆಚ್ಚು ಹೊತ್ತು ಬಿಗಿದೇ ಇರುವುದರಿಂದ ಬೇಗ ದಣಿವಾಗುತ್ತದೆ.

ಗೂನಿನ ಕಥೆ ಬೇರೆ, ಅದು ಪಕ್ಕದ ನೋಟದಲ್ಲಿ ಸಿಗುತ್ತದೆ. ತಲೆ, ಎದೆ ಸೊಂಟಕ್ಕಿಂತ ಮುಂದೆ ಹೋದರೆ ದೇಹದ ಭಾರವೂ ಮುಂದಕ್ಕೆ ಸರಿಯುತ್ತದೆ. ಬೀಳದಿರಲು ಮಂಡಿ ಮಡಿಸಿಕೊಂಡೇ, ಸಣ್ಣ ಹೆಜ್ಜೆಯಿಟ್ಟು ನಡೆಯಬೇಕಾಗುತ್ತದೆ. ಹತ್ತು ನಿಮಿಷ ನಡೆಸಿ ಮತ್ತೆ ಚಿತ್ರಿಸಿ. ಬೆನ್ನಿನ ಸ್ನಾಯು ಸೋತಮೇಲೆ ಮುಂಬಾಗು ಹೆಚ್ಚುವುದು ಆಗಲೇ ಕಾಣುವುದು.

ಇನ್ನು ಬೆನ್ನು ಬಾಗಿದ್ದರಿಂದ ನಡಿಗೆ ಕೆಟ್ಟಿತೋ, ಕಾಲು ಗಿಡ್ಡವಾಗಿ ಬೆನ್ನು ಬಾಗಿತೋ? ಸ್ಟೂಲಿನ ಮೇಲೆ ಕೂರಿಸಿ ನೋಡಿ. ಕೂತಾಗ ಬಾಗು ಮಾಯವಾದರೆ ಕಾಲಿನ ಉದ್ದದ ಮೇಲೇ ಅನುಮಾನ. ಆಗ ಗಿಡ್ಡಕಾಲಿನಡಿ 5 ಮಿಲಿಮೀಟರಿನ ಹಲಗೆಗಳನ್ನು ಒಂದೊಂದಾಗಿ ಇಡುತ್ತ ಬನ್ನಿ, ಗುಳಿಗಳು ಸಮವಾದ ಎತ್ತರವೇ ಸುಮಾರಾಗಿ ವ್ಯತ್ಯಾಸ. ಇದನ್ನೇ ನಂಬಿ ಚಪ್ಪಲಿಗೆ ಹಿಮ್ಮಡಿ ಸೇರಿಸಬೇಡಿ. ಬೆನ್ನಿನ ಬಾಗೇ ಸೊಂಟವನ್ನು ಓರೆ ಮಾಡಿದ್ದರೆ ತಿದ್ದಲು ಹೋಗಿ ಕೆಡಿಸಿದಂತಾಗುತ್ತದೆ. ಅಂಗೈ ಜೋಡಿಸಿ ಮುಂದಕ್ಕೆ ಬಗ್ಗಿದಾಗ ಪಕ್ಕೆಲುಬು ಒಂದೇ ಕಡೆ ಉಬ್ಬಿದರೆ ಮೂಳೆ ತಿರುಚಿಕೊಂಡಿದೆ. ಬೆಳೆಯುವ ಮಕ್ಕಳಲ್ಲಿ ಹೀಗೆ ಕಂಡರೆ ಮೂಳೆತಜ್ಞರಿಗೆ ತೋರಿಸುವುದನ್ನು ಮುಂದೂಡಬೇಡಿ, ಬಾಗು ಬೇಗ ಹೆಚ್ಚುವುದು ಎತ್ತರ ಬೆಳೆಯುವ ದಿನಗಳಲ್ಲೇ.

ಪಾದ ಎಳೆಯುತ್ತಿದ್ದರೆ, ಕಾಲು ಜೋಮು ಹಿಡಿದು ತಡವರಿಸುತ್ತಿದ್ದರೆ, ಮೂತ್ರದ ಹಿಡಿತ ತಪ್ಪಿದರೆ ವಿಡಿಯೊ ಗೊಡವೆ ಬೇಡ. ನರ ಒತ್ತಿಕೊಂಡಿರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಿ.