ಪತ್ತನಾಜೆಗೆ ಮೊದಲು ಬಿಸಿನೀರಿನ ಕೆಲಸ

ನಮ್ಮ ಉಡುಪಿಯಲ್ಲಿ ಚಳಿಗಾಲಕ್ಕೆಂದು ಮನೆ ತಯಾರು ಮಾಡುವವರು ಇಲ್ಲ. ಡಿಸೆಂಬರ್‌ನಲ್ಲೂ ಮಧ್ಯಾಹ್ನ ಫ್ಯಾನ್ ಬೇಕು. ಬಿಸಿನೀರು ನಿಜವಾಗಿ ಬೇಕಾಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಸೋಲಾರ್ ಕೈಕೊಡುವುದು, ಕರೆಂಟ್ ಹೋಗುವುದು, ಕಟ್ಟಿಗೆ ಒದ್ದೆಯಾಗುವುದು ಎಲ್ಲ ಆಗಲೇ. ಹಾಗಾಗಿ ನಾನು ಪತ್ತನಾಜೆಯನ್ನೇ ಗಡುವು ಮಾಡಿಕೊಂಡಿದ್ದೇನೆ. ತುಳುವರ ಬೇಸ ತಿಂಗಳ ಹತ್ತನೇ ದಿನ, ಅಂದರೆ ಮೇ 24ರ ಆಸುಪಾಸು. ಭೂತಕೋಲ, ಯಕ್ಷಗಾನ ಮೇಳದ ತಿರುಗಾಟ ಎಲ್ಲ ಅವತ್ತಿಗೆ ನಿಲ್ಲುತ್ತದೆ. ನನ್ನ ನೀರಿನ ಕೆಲಸವೂ ಅಷ್ಟರೊಳಗೆ ಮುಗಿಯಬೇಕು.

ಈ ಶಿಸ್ತು ಬಂದದ್ದು ಒಂದು ಹೆದರಿಕೆಯಿಂದ. ಎರಡು ವರ್ಷದ ಹಿಂದೆ, ಆಟಿ ತಿಂಗಳ (ಜುಲೈ-ಆಗಸ್ಟ್) ಒಂದು ಬೆಳಿಗ್ಗೆ. ಜಡಿಮಳೆ. ಅಮ್ಮ ಬಚ್ಚಲಿನಿಂದ ಕೂಗಿದರು, "ನಲ್ಲಿ ಮುಟ್ಟಿದ್ರೆ ಜುಮ್ ಅಂತದೆ!" ನಾನು ಓಡಿಹೋಗಿ ಮೈನ್ ಸ್ವಿಚ್ ಇಳಿಸಿದೆ. ಎಲೆಕ್ಟ್ರಿಶಿಯನ್ ಬಂದು ಗೀಸರ್ ಬಿಚ್ಚಿದಾಗ ಒಳಗಿನ ಕಾಯಿಲ್ ಸೀಳಿತ್ತು. ಅದು ಹಳತಾದ ಮೇಲೆ ಆಗುವಂಥದ್ದೇ. ಆದರೆ 16 ಆಂಪಿಯರ್ ಸಾಕೆಟ್‌ನ ಹಿಂದೆ ನೋಡಿದರೆ ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ಹಸಿರು ಅರ್ಥ್ ವೈರನ್ನು ಸ್ಕ್ರೂಗೆ ಬಿಗಿದೇ ಇರಲಿಲ್ಲ. ಸುಮ್ನೆ ನೇತಾಡುತ್ತಿತ್ತು. ಗೀಸರ್ ಕೂರಿಸಿದ ದಿನದಿಂದಲೂ ಹಾಗೇ ಇತ್ತು ಅಂತ ಕಾಣುತ್ತದೆ. ಅಮ್ಮನ ಕಾಲಡಿಯಲ್ಲಿ ಪ್ಲಾಸ್ಟಿಕ್ ಮಣೆ ಇತ್ತು, ಅಷ್ಟೇ. ಅದನ್ನು ನೆನೆಸಿಕೊಂಡರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ.

ಅದೇ ವಾರ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿದೆ. ಕರೆಂಟ್ ಚೂರು ಸೋರಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಲೈನ್ ಕಡಿದುಬಿಡುತ್ತದೆ. ಅದರ ಮೇಲೊಂದು ಟೆಸ್ಟ್ ಬಟನ್ ಇರುತ್ತದೆ. ತಿಂಗಳಿಗೊಮ್ಮೆ ಒತ್ತುತ್ತೇನೆ. ಟಕ್ ಅಂತ ಬೀಳಬೇಕು. ಬೀಳದಿದ್ದರೆ ಬದಲಿಸಬೇಕು. ವೈರಿಂಗ್ ಕೆಲಸಕ್ಕೆ ಮಾತ್ರ ನಾನು ಕೈ ಹಾಕುವುದಿಲ್ಲ. ಮೇ ತಿಂಗಳಲ್ಲಿ ಎಲೆಕ್ಟ್ರಿಶಿಯನ್ ಕರೆಸಿ ಅರ್ಥಿಂಗ್ ನೋಡಿಸುತ್ತೇನೆ. ನಮ್ಮದು ಮುರಕಲ್ಲಿನ (ಜಂಬಿಟ್ಟಿಗೆ) ನೆಲ. ಬೇಸಿಗೆಯಲ್ಲಿ ಒಣಗಿ ಗಟ್ಟಿಯಾದರೆ ಅರ್ಥಿಂಗ್ ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೇ ಅರ್ಥ್ ಗುಂಡಿಗೆ ಬೇಸಿಗೆಯಿಡೀ ಆಗಾಗ ನೀರು ಹೊಯ್ಯುತ್ತೇನೆ.

ಗೀಸರ್ ತೊಳೆಯುವುದು ನಾನೇ. ಮೊದಲು ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತಿಡುತ್ತೇನೆ. ನೀರು ಪೂರ್ತಿ ತಣಿಯಲು ಬಿಡುತ್ತೇನೆ. ಆಮೇಲೆ ತಣ್ಣೀರಿನ ವಾಲ್ವ್ ಮುಚ್ಚಿ, ಬಿಸಿನೀರಿನ ನಲ್ಲಿ ತೆರೆದು, ಕೆಳಗಿನ ಪೈಪ್ ಬಿಚ್ಚಿ ಬಕೆಟ್ ಹಿಡಿಯುತ್ತೇನೆ. ಮೊದಲ ಸಲ ಬಂದದ್ದು ಕೆಂಪು ಕೆಸರು. ನಂತರ ಆನೋಡ್ ರಾಡ್ ತೆಗೆದೆ. ಇದು ಮೆಗ್ನೀಸಿಯಂನ ಕೋಲು. ನೀರು ಮೊದಲು ಇದನ್ನು ತಿನ್ನುತ್ತದೆ, ಟ್ಯಾಂಕ್ ಉಳಿಯುತ್ತದೆ. ಹೊಸದು ಹೆಬ್ಬೆರಳಿನಷ್ಟು ದಪ್ಪ ಇರುತ್ತದೆ. ನನ್ನ ಕೈಗೆ ಬಂದದ್ದು ನಡುವಿನ ಸರಿಗೆ ಮಾತ್ರ, ಅಲ್ಲಲ್ಲಿ ಬಿಳಿ ಗಂಟು ಅಂಟಿಕೊಂಡಿತ್ತು. ಮುರಕಲ್ಲಿನ ಬಾವಿಯ ನೀರಿಗೆ ಸ್ವಲ್ಪ ಹುಳಿ ಗುಣ ಜಾಸ್ತಿ, ಲೋಹವನ್ನು ಬೇಗ ತಿನ್ನುತ್ತದೆ. ಹಾಗಾಗಿ ನಮ್ಮ ಕಡೆ ವರ್ಷಕ್ಕೊಮ್ಮೆ ಈ ರಾಡ್ ತೆಗೆದು ನೋಡಲೇಬೇಕು. ರಾಡ್‌ನ ಬೆಲೆ ಎಷ್ಟು, ಹೊಸ ಗೀಸರ್‌ನ ಬೆಲೆ ಎಷ್ಟು, ಯೋಚನೆ ಮಾಡಿ. ಮತ್ತೆ ಕರೆಂಟ್ ಕೊಡುವ ಮೊದಲು ಬಿಸಿನೀರಿನ ನಲ್ಲಿಯಲ್ಲಿ ನೀರು ತುಂಬಿ ಬರುತ್ತಿದೆಯಾ ನೋಡಬೇಕು. ಖಾಲಿ ಟ್ಯಾಂಕಿಗೆ ಸ್ವಿಚ್ ಹಾಕಿದರೆ ಕಾಯಿಲ್ ಸುಟ್ಟುಹೋಗುತ್ತದೆ.

ತಾರಸಿಯ ಸೋಲಾರ್ ಗಾಜಿನ ಟ್ಯೂಬಿನದ್ದು. ಅದರ ಕೆಲಸ ಏನಿದ್ದರೂ ಬೆಳಿಗ್ಗೆ 7 ಗಂಟೆಯೊಳಗೆ. ಬಿಸಿಲಲ್ಲಿ ಕಾದ ಖಾಲಿ ಟ್ಯೂಬಿಗೆ ತಣ್ಣೀರು ಬಿಟ್ಟರೆ ಗಾಜು ಸಿಡಿಯುತ್ತದೆ. ಧೂಳು ಒರೆಸಿದ ಮೇಲೆ ಟ್ಯಾಂಕಿನ ಮೇಲಿನ ಗಾಳಿ ಪೈಪ್ ನೋಡುತ್ತೇನೆ. ಕಳೆದ ವರ್ಷ ಅದರ ಬಾಯಿಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಆ ಬಾಯಿ ಮುಚ್ಚಿದ್ದಾಗ ಕೆಳಗೆ ನೀರು ಬಿಟ್ಟರೆ ಟ್ಯಾಂಕ್ ಒಳಕ್ಕೆ ನೆಗ್ಗಿಹೋಗಬಹುದು. ಸೋಲಾರ್‌ನಿಂದ ಇಳಿಯುವ ಪೈಪಿಗೆ ಫೋಮ್ ತೋಳು ತೊಡಿಸಿ, ಅದರ ಮೇಲೆ ಅಲ್ಯೂಮಿನಿಯಂ ಟೇಪ್ ಸುತ್ತಿದ್ದೇನೆ. ಬರೀ ಫೋಮ್ ಬಿಸಿಲಿಗೆ ಪುಡಿಯಾಗುತ್ತದೆ. ಆ ಪೈಪ್ ಸಿಪಿವಿಸಿಯದ್ದೇ ಇರಬೇಕು. ಮಾಮೂಲಿ ಪಿವಿಸಿ ಬಿಸಿನೀರಿಗೆ ಮೆತ್ತಗಾಗುತ್ತದೆ.

ಆದರೂ ಜುಲೈಯಲ್ಲಿ ವಾರಗಟ್ಟಲೆ ಬಿಸಿಲು ಬರುವುದಿಲ್ಲ. ಆಗ ಗೀಸರ್. ಕರೆಂಟೂ ಹೋದರೆ ಹಂಡೆ. ಆ ಹಂಡೆ, ಒಲೆ ಇರುವ ಹಳೇ ಬಚ್ಚಲನ್ನು ಕೆಡವಿ ಹೊಸದು ಕಟ್ಟೋಣ ಅಂತ ಮನೆಯಲ್ಲಿ ಮಾತು ಬಂದಾಗ ನಾನೇ ಬೇಡ ಅಂದೆ. ಈಗ ಎಲ್ಲರಿಗೂ ಅದೇ ಸರಿ ಅನ್ನಿಸಿದೆ. ಮೇ ತಿಂಗಳಲ್ಲಿ ತೆಂಗಿನ ಸಿಪ್ಪೆ, ಗೆರಟೆ (ಚಿಪ್ಪು), ಕೊತ್ತಳಿಂಗೆ (ಗರಿಯ ದಪ್ಪ ಬುಡ) ಎಲ್ಲ ಚೆನ್ನಾಗಿ ಒಣಗಿಸಿ ಒಲೆಯ ಹತ್ತಿರದ ಅಟ್ಟಕ್ಕೆ ಏರಿಸುತ್ತೇವೆ. ನೆಲದ ಮೇಲಿಟ್ಟರೆ ಆಟಿ ಹೊತ್ತಿಗೆ ಬೂಸಲು ಹಿಡಿಯುತ್ತದೆ. ಗೆರಟೆಗೆ ಉರಿ ಜೋರು, ನೀರು ಬೇಗ ಕಾಯುತ್ತದೆ. ಸಿಪ್ಪೆ ನಿಧಾನ, ಆದರೆ ಕೆಂಡ ಬೆಳಗಿನವರೆಗೂ ಉಳಿಯುತ್ತದೆ. ರಾತ್ರಿ ನಾಲ್ಕು ಸಿಪ್ಪೆ ತುರುಕಿ ಬೂದಿ ಮುಚ್ಚಿದರೆ ಬೆಳಿಗ್ಗೆ ಉಗುರುಬೆಚ್ಚಗಿನ ನೀರು ಸಿಗುತ್ತದೆ.

ಗ್ಯಾಸ್ ಗೀಸರ್ ಬಗ್ಗೆ ಸುಮಾರು ಜನ ಕೇಳುತ್ತಾರೆ. ಬಚ್ಚಲಿನ ಒಳಗೆ ಮಾತ್ರ ಖಂಡಿತ ಬೇಡ. ಮಳೆಗಾಲದಲ್ಲಿ ನಾವು ಕಿಟಕಿ ಮುಚ್ಚಿಯೇ ಸ್ನಾನ ಮಾಡುವುದು ಅಲ್ವಾ? ಗಾಳಿ ಸಾಲದೆ ಉರಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಬರುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣವೂ ಇಲ್ಲ. ಇಡಲೇಬೇಕಾದರೆ ಗೋಡೆಯ ಹೊರಬದಿಗೆ ಕೂರಿಸಿ.

ಕೊನೆಯ ಕೆಲಸ ಬಾವಿಯದ್ದು. ಅದು ಮಾತ್ರ ಪತ್ತನಾಜೆ ಕಳೆದು, ನಾಲ್ಕು ಒಳ್ಳೆ ಮಳೆ ಬಿದ್ದ ಮೇಲೆ. ಆಗ ನೀರು ಏರಿ ಕೆಂಪಗೆ ಕದಡಿರುತ್ತದೆ. ಅದು ತಿಳಿಯಾಗುವವರೆಗೆ ಕಾಯುತ್ತೇನೆ. ಬ್ಲೀಚಿಂಗ್ ಪೌಡರ್ 1,000 ಲೀಟರ್‌ಗೆ 2.5 ಗ್ರಾಂ ಲೆಕ್ಕ. ನಮ್ಮ ಬಾವಿಯ ಅಗಲ ಎರಡೂವರೆ ಮೀಟರ್, ನೀರು 4 ಮೀಟರ್ ನಿಂತಾಗ ಸುಮಾರು 19,600 ಲೀಟರ್. ಅಂದರೆ 50 ಗ್ರಾಂ ಸಾಕು. ಪುಡಿಯನ್ನು ನೇರವಾಗಿ ಸುರಿಯಬಾರದು. ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂರಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿ ಬಾವಿಗೆ ಇಳಿಸುತ್ತೇನೆ. ಕೊಡಪಾನವನ್ನು ಹತ್ತಿಪ್ಪತ್ತು ಸಲ ಮೇಲೆ ಕೆಳಗೆ ಎಳೆದರೆ ಮದ್ದು ಎಲ್ಲ ಕಡೆ ಬೆರೆಯುತ್ತದೆ. ಒಂದು ಗಂಟೆ ಆ ನೀರು ಮುಟ್ಟಬಾರದು. ನಾನು ರಾತ್ರಿ ಊಟ ಆದ ಮೇಲೆ ಹಾಕಿ, ಬೆಳಿಗ್ಗೆ ಪಂಪ್ ಹಾಕುತ್ತೇನೆ.