ಜೊತೆಯಲ್ಲಿ ದುಡಿಯುತ್ತಿದ್ದವರು ತೀರಿಕೊಂಡಾಗ ಕಚೇರಿ ಮಾಡಬೇಕಾದದ್ದು

ಅಡಿಕೆ ಮಂಡಿ, ಸಹಕಾರ ಸೊಸೈಟಿ, ರೈಸ್‌ಮಿಲ್ಲು, ಖಾಸಗಿ ಶಾಲೆ: ಮಲೆನಾಡಿನ ಇಂಥ ಎಷ್ಟೋ ಕಡೆ ಹತ್ತಿಪ್ಪತ್ತು ಜನರಷ್ಟೇ ಇರುತ್ತಾರೆ, ಇಂಥದ್ದನ್ನೆಲ್ಲ ನೋಡಿಕೊಳ್ಳಲು ಬೇರೆ ವಿಭಾಗ ಇರುವುದಿಲ್ಲ. ಹಾಗಾಗಿ ಸುದ್ದಿ ಬಂದ ದಿನವೇ ಕಾರ್ಯದರ್ಶಿ ಅಥವಾ ಮ್ಯಾನೇಜರು ಒಬ್ಬರನ್ನು ಗೊತ್ತುಮಾಡಲಿ. ಮನೆಯವರ ಜೊತೆ ಕಚೇರಿಯ ಪರವಾಗಿ ಮಾತಾಡುವುದು ಅವರೇ. ಇಲ್ಲದಿದ್ದರೆ ಹತ್ತು ಜನ ಫೋನು ಮಾಡಿ ಅದೇ ಪ್ರಶ್ನೆ ಕೇಳಿ ಮನೆಯವರನ್ನು ಹಣ್ಣು ಮಾಡುತ್ತಾರೆ.

ವಾಟ್ಸಾಪ್ ಗ್ರೂಪಿಗೆ ಹಾಕುವ ಮೊದಲು ತೀರ ಹತ್ತಿರದವರಿಗೆ, ಅಂದರೆ ಪಕ್ಕದ ಮೇಜಿನವರಿಗೆ, ದಿನಾ ಒಂದೇ ಬಸ್ಸಲ್ಲಿ ಬರುತ್ತಿದ್ದವರಿಗೆ, ಎದುರು ಕೂತು ಹೇಳಿ. ಕಾರಣವನ್ನು ಮನೆಯವರು ಒಪ್ಪಿದಷ್ಟೇ ಹೇಳಬೇಕು. ಆತ್ಮಹತ್ಯೆಯಾಗಿದ್ದರೆ ಹೇಗಾಯಿತೆಂಬ ವಿವರ, ಫೋಟೊ ಹರಿದಾಡದಂತೆ ತಡೆಯಿರಿ. ಒಳಗೊಳಗೇ ಕುಸಿದಿರುವ ಇನ್ನೊಬ್ಬರಿಗೆ ಅದು ಅಪಾಯ.

ಅಂತ್ಯಕ್ರಿಯೆಗೆ ಹೋಗುವವರಿಗೆಲ್ಲ ರಜೆ ಕೊಡಿ, ವಾಹನ ಮಾಡಿ. ಹೊಸನಗರ, ತೀರ್ಥಹಳ್ಳಿಯ ಒಳಊರುಗಳಿಗೆ ಮಳೆಗಾಲದಲ್ಲಿ ಬಸ್ಸು ನಂಬಿ ಹೊರಡುವುದು ಕಷ್ಟ. ಉತ್ತರಕ್ರಿಯೆಯ ದಿನ ಒಂದೊಂದು ಮನೆಯಲ್ಲಿ ಒಂದೊಂದು ಥರ, ಕೇಳಿ ತಿಳಿದುಕೊಳ್ಳಿ.

ಹೆಚ್ಚಿನ ಕಚೇರಿಗಳು ಎಡವುವುದು ಕೆಲಸ ಹಂಚುವಾಗ. ಮಾರನೇ ದಿನವೇ ಹೋದವರ ಲೆಡ್ಜರು ಪಕ್ಕದವರ ಮೇಜಿಗೆ ಬರುತ್ತದೆ. ಅಡಿಕೆ ಕೊಯ್ಲಿನ ದಿನಗಳಾದರೆ ಹೊರೆ ಇನ್ನೂ ಜಾಸ್ತಿ. ದುಃಖದಲ್ಲಿ ಗಮನ ನಿಲ್ಲುವುದಿಲ್ಲ; ತೂಕ ತಪ್ಪುತ್ತದೆ, ಲೆಕ್ಕ ತಾಳೆಯಾಗುವುದಿಲ್ಲ, ಬೈಸಿಕೊಂಡವರು ಮತ್ತಷ್ಟು ಕುಗ್ಗುತ್ತಾರೆ. ಮೊದಲ ಎರಡು ವಾರ ಸಂಬಳ, ಬೆಳೆಗಾರರ ಪಾವತಿಯಂಥ ನಿಲ್ಲಿಸಲಾಗದ ಕೆಲಸವನ್ನಷ್ಟೇ ಇಬ್ಬರು ಮೂವರಿಗೆ ಹಂಚಿ. ನಗದು ಎಣಿಸಲು ಇಬ್ಬರು ಕೂರಲಿ. ನಿದ್ದೆಗೆಟ್ಟವರನ್ನು ಯಂತ್ರದ ಮುಂದೆ, ಸ್ಟೇರಿಂಗ್ ಮುಂದೆ ಕೂರಿಸಲೇಬೇಡಿ. ಹೋದವರ ಡ್ರಾಯರು ಖಾಲಿ ಮಾಡುವುದನ್ನೂ ಮನೆಯವರಿಗೆ ತಿಳಿಸಿ, ಸಾಮಾನಿನ ಪಟ್ಟಿ ಬರೆದೇ ಮಾಡಿ.

'ಹೇಗಿದ್ದೀರಿ' ಎಂದರೆ 'ಅಡ್ಡಿಲ್ಲ' ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೇ ಮುಗಿಯುತ್ತದೆ. 'ರಾತ್ರಿ ನಿದ್ದೆ ಬರ್ತಿದೆಯಾ? ಊಟ ಸೇರ್ತಿದೆಯಾ?' ಎಂದು ಕೇಳಿ, ವಾರ ಬಿಟ್ಟು ಮತ್ತೆ ಕೇಳಿ. ವಾರಗಟ್ಟಲೆ ನಿದ್ದೆಯಿಲ್ಲದಿದ್ದರೆ, ಕುಡಿತ ಹೆಚ್ಚಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿಸಿ. ಉಚಿತ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತಾಡಿದವರನ್ನು ಒಬ್ಬರನ್ನೇ ಬಿಡಬೇಡಿ. ಅಂದೇ ಜೊತೆಗೆ ಹೋಗಿ ಮನೋವೈದ್ಯರಿಗೆ ತೋರಿಸಿ.

ಹೋದವರ ಮನೆಯವರನ್ನು ಕಚೇರಿ ಹೇಗೆ ನಡೆಸಿಕೊಂಡಿತು ಎಂಬುದನ್ನು ಉಳಿದವರೆಲ್ಲ ನೋಡುತ್ತಿರುತ್ತಾರೆ. ನಾಳೆ ನನ್ನ ಮನೆಗೂ ಹೀಗೇ ಎಂಬ ಭಯವೋ ಧೈರ್ಯವೋ ಹುಟ್ಟುವುದು ಅಲ್ಲಿಂದ. ಆದ್ದರಿಂದ ಬಾಕಿ ಹಣದ ಕಾಗದಪತ್ರಕ್ಕೆ ಮನೆಯವರನ್ನು ಅಲೆಸದೆ ಕಚೇರಿಯವರೇ ಓಡಾಡಿ. ಮರಣವನ್ನು 21 ದಿನದೊಳಗೆ ನೋಂದಾಯಿಸಬೇಕು. ಪಿಎಫ್ ಇದ್ದರೆ ಮೂರು ಅರ್ಜಿ: ಹಣಕ್ಕೆ ಫಾರಂ 20, ಪಿಂಚಣಿಗೆ 10ಡಿ, ಪಿಎಫ್ ಜೊತೆಗೇ ಬರುವ ವಿಮೆಗೆ 5ಐಎಫ್. ವಿಮೆಯ ಗರಿಷ್ಠ ಮೊತ್ತ 7 ಲಕ್ಷ ರೂಪಾಯಿ. ಈ ವಿಮೆ ಇದೆ ಎಂಬುದೇ ಎಷ್ಟೋ ಮನೆಗಳಿಗೆ ಗೊತ್ತಿರುವುದಿಲ್ಲ. ಗ್ರಾಚ್ಯುಟಿಗೆ, ಅಂದರೆ ಸೇವೆಯ ವರ್ಷಗಳಿಗೆ ತಕ್ಕಂತೆ ಮಾಲೀಕರು ಕೊಡುವ ಇಡಿಗಂಟಿಗೆ, ಐದು ವರ್ಷದ ಸೇವೆ ಬೇಕೆಂಬ ನಿಯಮ ಸಾವಿನ ಸಂದರ್ಭಕ್ಕೆ ಇಲ್ಲ, ಅದನ್ನು 30 ದಿನದೊಳಗೆ ಕೊಡಬೇಕು.

ಅರ್ಜಿ ವಾಪಸ್ ಬರುವುದು ಸಾಮಾನ್ಯವಾಗಿ ಆಧಾರ್ ಮತ್ತು ಪಿಎಫ್ ದಾಖಲೆಯಲ್ಲಿ ಹೆಸರು ಬೇರೆಬೇರೆ ಇದ್ದಾಗ, ಇಲ್ಲವೇ ನಾಮಿನಿ ಹಾಕದೇ ಬಿಟ್ಟಾಗ. ಒಂದು ತಿಂಗಳು ಕಳೆದ ಮೇಲೆ ಉಳಿದ ನೌಕರರ ಹೆಸರು, ನಾಮಿನಿ ಸರಿಯಿದೆಯೇ ಎಂದು ಒಬ್ಬೊಬ್ಬರನ್ನಾಗಿ ಕರೆದು ಪರಿಶೀಲಿಸಿ. ಸಾವಾದ ವಾರದಲ್ಲೇ ಈ ಕಾಗದ ಮುಂದಿಡಬೇಡಿ.